ಕೂಳೆ ಜೋಳ, ನಿನ್ನ ಆಣೆ

ಯಪ್ಪಾ,

ಇಲ್ಲಿ ನಾವೆಲ್ಲ ಆರಾಮ ಎಂದು ಬರೆಯಲು ಕೂತೆ, ಕೈ ಏಳಲಿಲ್ಲ. ಅವ್ವನ ಮೊಣಕಾಲು ನೋವು ಬಿಟ್ಟರೆ ಮೈಗೆ ಯಾರಿಗೂ ಏನೂ ಆಗಿಲ್ಲ. ಆದರೆ ನಾವು ಸಿಕ್ಕಿಬಿದ್ದಿದ್ದೇವೆ. ಸಿಗಿಸಿದವನು ನೀನು. ಬಿಡಿಸಬೇಕಾದವನೂ ನೀನೇ, ಯಾಕೆಂದರೆ ದೇವರ ಅರಿಶಿಣದ ಭಂಡಾರ ಮುಟ್ಟಿ ಇಟ್ಟ ಆಣೆಯನ್ನು ಇಟ್ಟವನೇ ಇಳಿಸಬೇಕು ಎಂದು ನಮ್ಮವರೆಲ್ಲ ಹೇಳುತ್ತಾರೆ. ನೀನು ಬೇಸಿಗೆಯಲ್ಲಿ ಕಣ್ಣು ಮುಚ್ಚಿದೆ. ನಿನ್ನ ಆಣೆ ಮಾತ್ರ ಕಣ್ಣು ತೆರೆದುಕೊಂಡು ನಮ್ಮ ಹಿತ್ತಲಲ್ಲಿ ಕೂತಿದೆ.

ಮೊನ್ನೆ ಬೆಳಿಗ್ಗೆ ಕಾಲೇಜಿಗೆ ಹೊರಟಾಗ ಮೂಡಲಗಿಯ ಬಸ್ಸು ಕಣ್ಣೆದುರೇ ಹೋಯಿತು. ಶಾಂತಾ ಕಾಕುವಿನ ಹೊಲದ ಬದುವಿನ ಮೇಲೆ ನಾಲ್ಕು ಹೆಜ್ಜೆ ಓಡಿದ್ದರೆ ಸಿಗುತ್ತಿತ್ತು. ನಮ್ಮ ಹಿತ್ತಲಿಗೆ ಹತ್ತಿಕೊಂಡ ಹೊಲ, ಅದರ ಆಚೆಗೇ ರಸ್ತೆ. ಆದರೆ ನಾವು ಕಾಲುವೆ ದಂಡೆ ಹಿಡಿದು ಊರೆಲ್ಲ ಸುತ್ತಿ ಹೋಗುವವರಲ್ಲವೇ? ಸಾಲಿಗೆ ಹೋಗುವಾಗಲೂ ಸುತ್ತಿದೆ, ಗೋಕಾಕದ ಕಾಲೇಜಿಗೆ ಹೋಗುವಾಗಲೂ ಸುತ್ತಿದೆ, ಈಗ ಜೀವಶಾಸ್ತ್ರ ಕಲಿಸುವ ಮೇಡಮ್ಮಾಗಿಯೂ ಸುತ್ತುತ್ತಿದ್ದೇನೆ. ಕಾಕು ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಸ್ಸು ತಪ್ಪಿದ್ದಕ್ಕೆ ನನಗಿಂತ ಅವಳೇ ಹೆಚ್ಚು ನೊಂದುಕೊಂಡ ಹಾಗೆ ಕಂಡಿತು. ಎರಡು ಮನೆಗೂ ಮಾತು ಬಿಟ್ಟು ವರ್ಷಗಳಾಗಿವೆ, ಆದ್ದರಿಂದ ಒಳಗೆ ಹೋದಳು.

ನೀನು ಆಣೆ ಇಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. ಆ ವಾರ ನಮ್ಮ ಕುರಿಗಳು ಕಾಕುವಿನ ಹೊಲದಲ್ಲೇ ಇದ್ದವು. ಹೊಲಕ್ಕೆ ಗೊಬ್ಬರವಾಗಲಿ ಎಂದು ಅವಳೇ ಕರೆದು ನಿಲ್ಲಿಸಿಕೊಂಡಿದ್ದಳು. ಗಂಡ ಹೋದ ಮೇಲೆ ಒಬ್ಬಳೇ ಹೊಲ ನಡೆಸುತ್ತಿದ್ದವಳು, ಅವ್ವನ ಜೀವದ ಗೆಳತಿ. ನೀನು ಗೋಕಾಕದ ಸಂತೆಗೆ ಹೋಗಿದ್ದೆ, ದೊಡ್ಡಪ್ಪ ಕಲ್ಲೋಳಿಗೆ ಹೋಗಿದ್ದ. ಕುರಿಯ ಹಿಂದೆ ಅವ್ವ ಒಬ್ಬಳೇ ಇದ್ದಳು. ನಾನು ಸಾಲಿ ಬಿಟ್ಟು ಬರುವಷ್ಟರಲ್ಲಿ ಹೊಲದ ತುಂಬ ಕುರಿಗಳು ಬಿದ್ದಿದ್ದವು. ಕೆಲವು ಕಾಲು ಬಡಿಯುತ್ತಿದ್ದವು, ಕೆಲವು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದವು. ಅವ್ವ ಒಂದನ್ನು ಎಬ್ಬಿಸಲು ಹೋಗಿ, ಬಿಟ್ಟು, ಇನ್ನೊಂದರ ಹತ್ತಿರ ಓಡುತ್ತಿದ್ದಳು.

ಯಾರೂ ಕರೆಯದೆ ಶಾಂತಾ ಕಾಕು ಓಡಿಬಂದಿದ್ದಳಲ್ಲ, ಕೊಡದ ತುಂಬ ಬೆಲ್ಲದ ನೀರು ಹಿಡಿದುಕೊಂಡು? ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದೇ ಕುರಿಯ ಬಾಯಿ ಬಿಡಿಸಿ ಹೊಯ್ಯುತ್ತಿದ್ದಳು. ಅಷ್ಟರಲ್ಲಿ ನೀನು ಬಂದೆ. ಹೆಗಲ ಮೇಲಿನ ಚೀಲವನ್ನೂ ಇಳಿಸದೆ ಬಗ್ಗಿ ಸತ್ತ ಕುರಿಯೊಂದರ ಬಾಯಿ ಮೂಸಿ ನೋಡಿದೆ. ಆಮೇಲೆ ಹೊಲದ ಒಂದು ಮೂಲೆಯಲ್ಲಿ ಎದ್ದಿದ್ದ ಹಸಿರಿನ ಕಡೆ ನೋಡಿದೆ. ಆಮೇಲೆ ಕಾಕುವಿನ ಮುಖ ನೋಡಿದೆ. ಅವಳೂ ನಿನ್ನ ಮುಖ ನೋಡಿದಳು. ನಾನು ಚಿಕ್ಕವಳು, ನೋಟದಲ್ಲಿ ಏನು ಹೋಯಿತು ಏನು ಬಂತು ತಿಳಿಯಲಿಲ್ಲ. ಇಷ್ಟು ವರ್ಷ ಆ ನೋಟ ನನ್ನ ತಲೆಯಲ್ಲಿ ಹಾಗೇ ಬಿದ್ದಿತ್ತು.

ದೊಡ್ಡಪ್ಪ ಬಂದವನೇ ಬಡಿಗೆ ಎತ್ತಿದ್ದು ಅವ್ವನ ಮೇಲೆ. ಯಾರು ಮೇಯಿಸಿದ್ದು, ಎಲ್ಲಿ ಮೇಯಿಸಿದ್ದು ಎಂದು ಕೂಗಿದ. ಗೋಕಾಕ ಫಾಲ್ಸಿನ ಮಿಲ್ಲಿನ ಕೆಲಸಗಾರರ ಚಾಳದಲ್ಲಿ ಬೆಳೆದವಳು ಅವ್ವ. ಕುರಿ ಕಾಯಲು ಬರದವಳು, ಕೈಗುಣ ಸರಿಯಿಲ್ಲದವಳು, ಇನ್ನೊಂದು ಸಲ ತಪ್ಪಿದರೆ ತವರಿಗೆ ಅಟ್ಟುತ್ತೇನೆ ಎಂದು ಅವನು ಅದಕ್ಕೂ ಮೊದಲೇ ಹೇಳಿಟ್ಟಿದ್ದ. ತವರು ಎಲ್ಲಿತ್ತು? ಅವ್ವನ ಅಪ್ಪ ಮಿಲ್ಲಿನ ಕೆಲಸ ಬಿಟ್ಟ ಮೇಲೆ ಚಾಳದ ಕೋಣೆಯನ್ನೂ ಬಿಟ್ಟಾಗಿತ್ತು. ಆಗ, ಅವ್ವ ಉತ್ತರಿಸುವ ಮೊದಲೇ, ನೀನು ಬಾಯಿ ತೆರೆದೆ. ಕುರಿ ನೀರು ಕುಡಿದ ತೊಟ್ಟಿಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಬಿದ್ದಿದೆ ಅಂದೆ. ತೊಟ್ಟಿ ಕಾಕುವಿನದು. ದೊಡ್ಡಪ್ಪನ ಬಡಿಗೆ ಆ ಕಡೆ ತಿರುಗಿತು. ಕರೆಯದೆ ಔಷಧ ತಂದವಳಿಗೆ ವಿಷದ ವಿಷಯ ಮೊದಲೇ ಗೊತ್ತಿರಲೇಬೇಕು ಎಂದು ಅಲ್ಲಿ ನೆರೆದವರೂ ದನಿಗೂಡಿಸಿದರು. ಕಾಕುವಿನ ಬೆಲ್ಲದ ನೀರೇ ಅವಳ ವಿರುದ್ಧ ಸಾಕ್ಷಿಯಾಗಿ ನಿಂತಿತು.

ಸಂಜೆ ದೇವರ ಮುಂದೆ ನೀನು ಭಂಡಾರ ಮುಟ್ಟಿದಾಗ ನಾನು ಅವ್ವನ ಸೀರೆ ಹಿಡಿದು ನಿಂತಿದ್ದೆ. ನಿನ್ನ ಕೈ ಅರಿಶಿಣವಾಗಿತ್ತು, ದನಿ ಮಾತ್ರ ನಿನ್ನದಲ್ಲ ಅನ್ನಿಸಿತ್ತು. "ಈ ಮನಿ ಮಂದಿ ಆ ಮನಿ ನೀರ ಕುಡಿಬಾರದು, ಆ ಮನಿ ರೊಟ್ಟಿ ಮುರಿಬಾರದು, ಆ ಹೊಲದ ಬದು ತುಳಿಬಾರದು. ಮುರದ್ರ ನನ್ನ ಕೂಸಿನ ಮ್ಯಾಲೆ ಬರಲಿ" ಅಂದೆ. ಕೂಸು ಅಂದರೆ ನಾನು. ನಿನಗೆ ಇದ್ದವಳು ನಾನೊಬ್ಬಳೇ. ಅಲ್ಲ, ಬೇರೆ ಏನೂ ಸಿಗಲಿಲ್ಲವೇ ನಿನಗೆ ಮೇಲೆ ಹಾಕಲು?

ಕಾಲುವೆಯ ಮೆಟ್ಟಿಲ ಮೇಲೆ ಅವ್ವ, ಕಾಕು ಇಬ್ಬರೂ ಒಟ್ಟಿಗೆ ಬಟ್ಟೆ ಒಗೆಯುತ್ತಿದ್ದುದು ನಿನಗೆ ನೆನಪಿರಬೇಕು. ಒಬ್ಬಳು ಹಿಂಡಿದರೆ ಇನ್ನೊಬ್ಬಳು ಜಾಡಿಸುವುದು, ನಡುವೆ ಊರಿನವರನ್ನೆಲ್ಲ ಆಡಿಕೊಂಡು ನಗುವುದು. ಆಣೆ ಇಟ್ಟ ಮೇಲೆ ಬಟ್ಟೆಗೆಂದು ಅವ್ವ ಬೆಳಿಗ್ಗೆ ಹೋಗತೊಡಗಿದಳು, ಕಾಕು ಮಧ್ಯಾಹ್ನ. ಊರಲ್ಲಿ ಅವಳಿಗೆ ಕುರಿ ಕೊಂದಾಕಿ ಎಂಬ ಹೆಸರು ಅಂಟಿತು. ಅವಳ ಹೊಲದಲ್ಲಿ ಮತ್ತೆ ಯಾರೂ ಕುರಿ ನಿಲ್ಲಿಸಲಿಲ್ಲ. ರೊಟ್ಟಿ ಬಡಿಯುವಾಗ ಅವ್ವ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, ಆಕಿಗೆ ಹೆಂಗ ಮನಸು ಬಂತು ಎಂದು ಕೇಳುತ್ತಿದ್ದಳು. ಆ ಪ್ರಶ್ನೆ ಬಂದಾಗಲೆಲ್ಲ ನೀನು ಕುರಿ ನೋಡಿ ಬರುತ್ತೇನೆ ಎಂದು ಎದ್ದು ಹೋಗುತ್ತಿದ್ದೆ. ಕುರಿಗಳನ್ನೆಲ್ಲ ಮಾರಿದ ಮೇಲೂ ಎದ್ದು ಹೋಗುತ್ತಿದ್ದೆ. ಆಗಲಾದರೂ ನನಗೆ ತಿಳಿಯಬೇಕಿತ್ತು.

ಪಾಠದ ತಯಾರಿಯನ್ನು ನಾನು ನಿನ್ನ ಮುಂದೆಯೇ ಮಾಡುತ್ತಿದ್ದೆನಲ್ಲ? ನೀನು ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದೆ. ಗಿಡಕ್ಕೆ ಕಾಲಿಲ್ಲ, ಹುಳ ಬಂದರೆ ಓಡಲಾರದು, ಆದ್ದರಿಂದ ನಿಂತಲ್ಲೇ ಹೋರಾಡಬೇಕು ಎಂದು ನಾನು ಶುರುಮಾಡಿದರೆ ನೀನು ನಗುತ್ತಿದ್ದೆ. ಬದನೆಯ ಮುಳ್ಳು, ಬೇವಿನ ಕಹಿ, ಮೆಣಸಿನಕಾಯಿಯ ಖಾರ ಎಲ್ಲ ಬಂದಿದ್ದು ನಮ್ಮ ಬಾಯಿರುಚಿಗಲ್ಲ ಅಂದಾಗ, ಹಾಗಾದರೆ ನಮ್ಮ ಸಾರಿನ ಮೇಲೆ ಗಿಡದ ಸಿಟ್ಟಿದೆ ಅನ್ನು ಎಂದಿದ್ದೆ. ಪುಸ್ತಕದಲ್ಲಿ ಮೆಕ್ಕೆಜೋಳ ಅನ್ನುವ ಗೋವಿನಜೋಳದ ಎಲೆಯನ್ನು ಹುಳ ಕಡಿದರೆ ಎಲೆ ಒಂದು ವಾಸನೆ ಬಿಡುತ್ತದೆ, ಆ ವಾಸನೆಗೆ ಸಣ್ಣ ಕಣಜ ಬಂದು ಹುಳದ ಮೈಯಲ್ಲಿ ಮೊಟ್ಟೆ ಇಡುತ್ತದೆ ಎಂದು ಹೇಳಿದ ದಿನ ನೂಲುವುದನ್ನೇ ನಿಲ್ಲಿಸಿದ್ದೆ. ಆಮೇಲೆ ಮೆಲ್ಲಗೆ ಕೇಳಿದೆ, "ಜೋಳ ಏನ ಮಾಡತೈತಿ? ಅದರದೇನಿಲ್ಲೇನು ನಿಮ್ಮ ಪುಸ್ತಕದಾಗ?" ನಮ್ಮ ಪಾಠದಲ್ಲಿ ಅದಿಲ್ಲ ಎಂದೆ. ನೀನು ತಲೆಯಾಡಿಸಿ ಮತ್ತೆ ನೂಲಿಗೆ ಕೈ ಹಚ್ಚಿದೆ. ಯಪ್ಪಾ, ಆವತ್ತು ನಾನು ಯಾಕೆ ಕೇಳುತ್ತೀಯಾ ಅಂದಿದ್ದರೆ ನೀನು...

ನೀನು ಹೋದ ಮೇಲೆ, ಈ ಮಳೆಗಾಲದಲ್ಲಿ, ಆ ನಿನ್ನ ಪ್ರಶ್ನೆ ನೆನಪಾಗಿ ದೊಡ್ಡ ಪುಸ್ತಕ ತೆಗೆದು ನೋಡಿದೆ. ಜೋಳದ ಎಲೆಯೊಳಗೆ ಎರಡು ಪದಾರ್ಥಗಳನ್ನು ಗಿಡ ಬೇರೆ ಬೇರೆ ಕೋಣೆಯಲ್ಲಿ ಇಟ್ಟಿರುತ್ತದೆ. ಬೇರೆ ಇರುವತನಕ ಯಾರಿಗೂ ಏನೂ ಮಾಡುವುದಿಲ್ಲ. ಹುಳ ಕಚ್ಚಿ ಜಗಿದರೆ ನಡುಗೋಡೆ ಒಡೆದು ಎರಡೂ ಕೂಡುತ್ತವೆ, ಕೂಡಿದ್ದೇ ವಿಷವೇಳುತ್ತದೆ. ಗಿಡ ಬಲಿತಂತೆ ಅದು ಕಡಿಮೆಯಾಗುತ್ತದೆ, ಕಾಳಿನಲ್ಲಿ ನಮಗೆ ಭಯವಿಲ್ಲ. ಎಳೆ ಸಸಿಯಲ್ಲಿ ಮಾತ್ರ ಜಾಸ್ತಿ, ನೀರಿಲ್ಲದೆ ಬಾಡಿದ್ದರಲ್ಲಿ ಇನ್ನೂ ಜಾಸ್ತಿ. ಮತ್ತೆ ಕೊಯ್ದ ಮೇಲೆ ಮಳೆಗೆ ಚಿಗುರುವ ಕೂಳೆಯಲ್ಲಿ... ಅಲ್ಲಿಗೆ ನನ್ನ ಬೆರಳು ನಿಂತಿತು. ದನ, ಕುರಿ ತಿಂದರೆ ಉಸಿರು ಕಟ್ಟಿ ನಿಂತಲ್ಲೇ ಬೀಳುತ್ತವೆ ಎಂದು ಬರೆದಿತ್ತು. ಕಾಕುವಿನ ಹೊಲದ ಆ ಮೂಲೆಯಲ್ಲಿ ಜೋಳ ಕೊಯ್ದಿದ್ದರು, ಆಮೇಲೆ ಮಳೆಯಾಗಿತ್ತು, ಹಸಿರು ಎದ್ದಿತ್ತು. ಹಸಿದ ಕುರಿಗಳನ್ನು ಅಲ್ಲಿಗೆ ಬಿಟ್ಟೆ, ಪಾಪ, ಸಾಯುವ ಮೊದಲು ಹೊಟ್ಟೆ ತುಂಬ ತಿಂದವು ಎಂದು ಅವ್ವ ನಮ್ಮಿಬ್ಬರ ಮುಂದೆ ಎಷ್ಟು ಸಲ ಹೇಳಿ ಅತ್ತಿಲ್ಲ?

ಹುಕ್ಕೇರಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವಾಗ ನಾನು ದೇವರಿಗೆ ಕೈಮುಗಿದದ್ದು ಒಂದೇ ಕಾರಣಕ್ಕೆ. ಇದು ನಿನಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಲಿ ಎಂದು. ನಿನ್ನ ಜೊತೆ ಕುರಿ ಹೊಡೆದುಕೊಂಡು ತಿರುಗಿದವನು ಸಿದ್ದಪ್ಪ ಕಾಕಾ ಒಬ್ಬನೇ ಉಳಿದಿದ್ದಾನೆ, ಈಗ ಅಲ್ಲಿ ಮಗನ ಹೊಲದಲ್ಲಿ ಇರುತ್ತಾನೆ. ಚಹಾ ಕುಡಿದು, ಊರ ಸುದ್ದಿ ಮುಗಿದು, ಕೂಳೆ ಜೋಳದ ಮಾತು ತೆಗೆದೆ. "ಕುರಿ ಕಾಯೋರ ಮನ್ಯಾಗ ಇದನ್ನ ಯಾರೂ ಕಲಸೂದಿಲ್ಲವಾ, ಹುಟ್ಟಿದ ಕೂಸಿಗೂ ಗೊತ್ತಿರತೈತಿ. ನಿಮ್ಮಪ್ಪಗ ಗೊತ್ತಿರಲಿಲ್ಲಂತ ತಿಳದಿಯೇನು?" ಎಂದ. ಸಾಲಿಗೆ ಹೋಗುತ್ತಿದ್ದ ನನ್ನನ್ನು ಬಿಟ್ಟರೆ ಗೊತ್ತಿಲ್ಲದಿದ್ದವಳು ಆ ಮನೆಯಲ್ಲಿ ಒಬ್ಬಳೇ, ಮಿಲ್ಲಿನ ಚಾಳದಿಂದ ಬಂದವಳು. ನೀನು ಒಂದೇ ಒಂದು ಸಲ ಅವನ ಮುಂದೆ ಬಾಯಿ ಬಿಟ್ಟಿದ್ದೆಯಂತೆ. ಒಬ್ಬಳ ಹೆಸರು ಉಳಿಸಲು ಹೋಗಿ ಇನ್ನೊಬ್ಬಳ ಹೆಸರು ಕೆಡಿಸಿದೆ ಸಿದ್ದಾ, ಈಗ ಎರಡನ್ನೂ ಮುಟ್ಟಲಾರೆ ಎಂದು ಅತ್ತಿದ್ದೆಯಂತೆ.

ಅಲ್ಲಿಂದ ತಿರುಗಿ ಬಂದ ದಿನ ಅವ್ವ ನನಗಾಗಿ ಬಿಸಿ ರೊಟ್ಟಿ ಇಟ್ಟು ಕಾದಿದ್ದಳು. ನನ್ನ ಸ್ಥಿತಿ ನೋಡು ಯಪ್ಪಾ. ಹೇಳಿದರೆ ಕುರಿಗಳೆಲ್ಲ ತನ್ನ ಕೈಯಿಂದಲೇ ಸತ್ತವು ಎಂದು ಈ ವಯಸ್ಸಿನಲ್ಲಿ ಅವ್ವನಿಗೆ ತಿಳಿಯುತ್ತದೆ. ನಿನ್ನ ಮೇಲೆ ಅವಳಿಗಿರುವ ಭಕ್ತಿಯೂ ಹೋಗುತ್ತದೆ. ಹೇಳದಿದ್ದರೆ ಬದುವಿನ ಆಚೆ ಒಬ್ಬಳು ಸುಳ್ಳು ಹೆಸರು ಹೊತ್ತುಕೊಂಡು ಸಾಯುತ್ತಾಳೆ. ಈ ಕಡೆ ಹೋದರೆ ಬಾವಿ, ಆ ಕಡೆ ಹೋದರೆ ಕೆರೆ. ನಿನ್ನ ಫೋಟೋದ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ, ಆಮೇಲೆ ಹಣೆಗೆ ಕುಂಕುಮ ಇಟ್ಟೆ. ಪ್ರೀತಿಗೆ ಹೀಗೆ ಮಾಡಿದೆ ಎಂದು ಗೊತ್ತು. ಪ್ರೀತಿ ಇದ್ದವನು ಅಂಥ ಸುಳ್ಳಿಗೆ, ಪರವಾಗಿ ನಿಲ್ಲಲು ಯಾರೂ ಇಲ್ಲದ ಹೆಂಗಸನ್ನೇ ಹುಡುಕಿಕೊಂಡೆಯಲ್ಲ, ಅದನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ?

ತರಗತಿಯಲ್ಲಿ ಆ ವಾರ ಶೇಂಗಾ ಗಿಡ ಕಿತ್ತು ತಂದು ಬೇರು ತೋರಿಸುತ್ತಿದ್ದೆ. ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಮಣ್ಣಿನಲ್ಲಿ ಕೊಲ್ಲುವ ಜಾತಿಯವೂ ಇವೆ, ಸಾಕುವ ಜಾತಿಯವೂ ಇವೆ. ಬೇರು ಮೊದಲು ಮಣ್ಣಿಗೆ ಒಂದು ಸಂಕೇತ ಬಿಡುತ್ತದೆ, ಗೆಳೆಯನಾದವನು ಅದಕ್ಕೆ ತಕ್ಕ ಉತ್ತರ ಕೊಡುತ್ತಾನೆ, ಆಮೇಲಷ್ಟೇ ಬೇರು ದಾರಿ ಬಿಟ್ಟು ಒಳಗೆ ಕರೆದುಕೊಳ್ಳುತ್ತದೆ. ಉಳಿದವರಿಗೆ ಬಾಗಿಲಿಲ್ಲ. ಇಷ್ಟು ಹೇಳಿ ಬೋರ್ಡಿನ ಕಡೆ ತಿರುಗಿ ನಿಂತುಬಿಟ್ಟೆ. ಕಣ್ಣಿಲ್ಲದ ಬೇರಿಗೆ ಗೆಳತಿ ಯಾರು ಎಂದು ತಿಳಿಯುತ್ತದೆ. ಬೆಲ್ಲದ ನೀರು ಹಿಡಿದು ಓಡಿಬಂದವಳನ್ನು ನಾವು ಯಾರೂ ಗುರುತಿಸಲಿಲ್ಲ. ಹುಡುಗಿಯರು ಮೇಡಮ್ಮಿಗೆ ಏನಾಯಿತು ಎಂದು ಪಿಸುಗುಟ್ಟುತ್ತಿದ್ದುದು ಕೇಳಿಸುತ್ತಿತ್ತು.

ಮೊನ್ನೆ ಹಿತ್ತಲಲ್ಲಿ ಅವ್ವನ ಟೊಮೆಟೊ ಗಿಡಗಳು ಒಮ್ಮೆಲೇ ಜೋತುಬಿದ್ದವು. ಎಲೆ ಇನ್ನೂ ಹಸಿರು, ಕಾಯಿ ತುಂಬ, ಬುಡದಲ್ಲಿ ನೀರೂ ಇದೆ, ಆದರೂ ಬಾಡಿದವು. ಅವ್ವ ಸೊಂಟದ ಮೇಲೆ ಕೈ ಇಟ್ಟು ಬದುವಿನ ಆಚೆ ನೋಡಿ, "ಆಕಿ ಕಣ್ಣು ಬಿತ್ತು. ಕುರಿ ಸಾಲಲಿಲ್ಲ, ಈಗ ಗಿಡಕ್ಕೂ ಬಂದ್ಲು" ಎಂದಳು. ನನ್ನೊಳಗೆ ಏನೋ ಹರಿಯಿತು. ಒಂದು ಗಿಡ ಕಿತ್ತೆ, ಬುಡದ ಹತ್ತಿರ ಕಾಂಡ ಕೊಯ್ದು, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ ಅದರಲ್ಲಿ ತುದಿ ಮುಳುಗಿಸಿ ಹಿಡಿದೆ. ಸ್ವಲ್ಪ ಹೊತ್ತಿಗೆ ಕೊಯ್ದ ಜಾಗದಿಂದ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿಯತೊಡಗಿತು. ಅವ್ವ ಕೂತು ನೋಡಿದಳು.

ಲೋಟದ ಮುಂದೆ ಕೂತೇ ಅವಳಿಗೆ ಹೇಳಿದೆ. ಇವು ಮಣ್ಣಿನಿಂದ ಬೇರಿಗೆ ನುಗ್ಗುವ ಬ್ಯಾಕ್ಟೀರಿಯಾ, ನೀರು ಏರುವ ಸಣ್ಣ ಕೊಳವೆಗಳಲ್ಲಿ ತುಂಬಿಕೊಳ್ಳುತ್ತವೆ. ಗಿಡವೂ ಸುಮ್ಮನಿರುವುದಿಲ್ಲ, ಬಂದವರು ಮುಂದೆ ಹೋಗದಿರಲಿ ಎಂದು ತನ್ನ ಕೊಳವೆಗೆ ತಾನೇ ಅಂಟು ತುರುಕಿ ಮುಚ್ಚುತ್ತದೆ. ಬೇಗ ಮುಚ್ಚಿದ ಗಿಡ ಬದುಕುತ್ತದೆ. ತಡವಾಗಿ, ಎಲ್ಲ ಕಡೆ ಮುಚ್ಚುತ್ತ ಹೋದರೆ ಮೇಲಿನ ಎಲೆಗೆ ನೀರೇ ಹೋಗದೆ, ಬುಡದಲ್ಲಿ ನೀರಿದ್ದರೂ ಬಾಯಾರಿ ಸಾಯುತ್ತದೆ. ಇದರಲ್ಲಿ ಯಾರ ಕಣ್ಣೂ ಇಲ್ಲ, ಯಾರೂ ಏನೂ ಮಾಡಿಲ್ಲ ಎಂದೆ. ಅವ್ವ ಲೋಟವನ್ನೇ ನೋಡುತ್ತಿದ್ದಳು. ಬಿಳಿ ಎಳೆ ಇಳಿಯುತ್ತಲೇ ಇತ್ತು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದಳು: "ಹಂಗಾದ್ರ ಆವತ್ತ ಕುರಿಗೂ ಯಾರೂ ಏನೂ ಮಾಡಿರಲಿಲ್ಲೇನು?"

ಸುಳ್ಳು ಹೇಳಬೇಕಿದ್ದರೆ ಆ ಕ್ಷಣಕ್ಕೆ ಹೇಳಬೇಕಿತ್ತು, ಯಪ್ಪಾ, ಆ ಕ್ಷಣ ಹೋಯಿತು. ಅವ್ವ ನನ್ನ ಮುಖ ಓದುವುದರಲ್ಲಿ ಗಟ್ಟಿಗಿತ್ತಿ. ಹುಕ್ಕೇರಿಗೆ ಯಾಕೆ ಹೋಗಿದ್ದೆ ಎಂದಳು. ಜೋಳದ ಪಾಠವನ್ನು ಅವಳಿಗೂ ಮಾಡಿದೆ, ಎರಡು ಕೋಣೆ, ನಡುಗೋಡೆ, ಕೂಳೆ, ಮಳೆ ಎಲ್ಲ. ಮುಗಿಯುವತನಕ ಕೇಳಿದಳು. ಹುಳಕ್ಕೆಂದು ಇಟ್ಟದ್ದು ಕುರಿಗೆ ಬಡಿಯಿತೇ ಎಂದಳು. ಹೌದೆಂದೆ. ಅಲ್ಲಿಗೆ ಬಿಟ್ಟವಳು ನಾನೇ ಎಂದು ಅವಳೇ ಹೇಳಿದಳು. ಆಮೇಲೆ ಬಂತು ನಾನು ಹೆದರಿದ್ದ ಪ್ರಶ್ನೆ, "ನಿಮ್ಮಪ್ಪಗ ಗೊತ್ತಿತ್ತೇನು?" ಗೊತ್ತಿತ್ತು ಎಂದೆ.

ಅಳುತ್ತಾಳೆ ಅಂದುಕೊಂಡಿದ್ದೆ. ನಿನ್ನ ನೆನೆದು ಕೈ ಮುಗಿಯುತ್ತಾಳೆ ಎಂದೂ ಅಂದುಕೊಂಡಿದ್ದೆ, ತನ್ನ ಮೇಲಿನ ಕಳಂಕ ನೀಗಿಸಲು ಎಷ್ಟು ಹೊತ್ತುಕೊಂಡ ಎಂದು. ನೀನೂ ಹಾಗೇ ಅಂದುಕೊಂಡಿದ್ದೆ ಅಲ್ಲವೇ? ನಮ್ಮಿಬ್ಬರಿಗೂ ಅವ್ವ ಗೊತ್ತೇ ಇರಲಿಲ್ಲ. ಅವಳಿಗೆ ಸಿಟ್ಟು ಬಂತು. ಅಂಥ ಸಿಟ್ಟನ್ನು ನಾನು ಈ ಮನೆಯಲ್ಲಿ ಕಂಡಿರಲಿಲ್ಲ. "ಯಾರ ಕೇಳಿದ್ರು ಅವನ್ನ? ನಿಮ್ಮ ದೊಡ್ಡಪ್ಪ ಬಡೀತಿದ್ದ, ಬಡೀಲಿ. ಹೊರಗ ಹಾಕ್ತಿದ್ದ, ಹಾಕಲಿ, ತಿರುಗಿ ಬರ್ತಿದ್ದೆ. ಕಷ್ಟ ಬಂದ್ರ ಓಡಿ ಹೋಗಾಕ ನನಗಿದ್ದದ್ದು ಶಾಂತಾನ ಮನಿ ಒಂದ. ಅದನ್ನ ಮುಚ್ಚಿ ನನ್ನ ಉಳಿಸಿದನಂತ ಉಳಿಸಿ." ಲೋಟದ ನೀರನ್ನು ಚರಂಡಿಗೆ ಚೆಲ್ಲಿ ಒಳಗೆ ಹೋದಳು. ನಿನ್ನ ಫೋಟೋ ಗೋಡೆಯಿಂದ ಇಳಿಸುತ್ತಾಳೇನೋ ಎಂದು ಹಿಂದೆಯೇ ಓಡಿದೆ. ಇಳಿಸಲಿಲ್ಲ. ಅದರ ಮುಂದೆ ನಿಂತು ನಿನ್ನನ್ನು ನೋಡಿದಳು ಅಷ್ಟೇ. ಆ ನೋಟದಿಂದ ನೀನು ಹೇಗೆ ಪಾರಾದೆ ಎಂದು ನನಗಿನ್ನೂ ತಿಳಿದಿಲ್ಲ.

ನಿನ್ನೆ ಬೆಳಿಗ್ಗೆ ಹಾಲು ಕಾಯಿಸಿದ ಮೇಲೆ ಅವ್ವ ಸೀರೆ ಬದಲಿಸಿಕೊಂಡು ಹಿತ್ತಲ ಬಾಗಿಲು ತೆಗೆದಳು. ಮೊಣಕಾಲು ಹಿಡಿದುಕೊಂಡು ನೇರ ಬದುವಿನ ಕಡೆ ನಡೆದಳು. ನಾನು ಬೆನ್ನ ಹಿಂದೆ ಹೋದೆ. ಕಾಕು ತನ್ನ ಹೊಲದಲ್ಲಿ ಕಸ ತೆಗೆಯುತ್ತಿದ್ದಳು. ಅವಳ ಹೊಲದ ಅರ್ಧಕ್ಕೆ ಈಗ ಕಬ್ಬು ಬಂದಿದೆ, ಉಳಿದರ್ಧದಲ್ಲಿ ಮಾತ್ರ ಜೋಳ. ಕುಡುಗೋಲು ಕೈಯಲ್ಲೇ ಹಿಡಿದು ಎದ್ದು ನಿಂತವಳು, ಅವ್ವನ ಹೆಜ್ಜೆ ಬದುವಿಗೆ ತಾಗುವುದರಲ್ಲಿದೆ ಅನ್ನುವಾಗ ಕೈ ಅಡ್ಡ ಮಾಡಿದಳು. "ಅಲ್ಲೇ ನಿಂದ್ರು. ತುಳಿಬ್ಯಾಡ. ಕೂಸಿನ ಮ್ಯಾಲೆ ಬರತೈತಿ." ಕೂದಲು ಬೆಳ್ಳಗಾದ ಇಬ್ಬರು ಹೆಂಗಸರು, ನಡುವೆ ಒಂದು ಮೊಳದ ಬದು. ಕೂಸು ಎಂದರೆ ನಾನು, ಕನ್ನಡಕ ಹಾಕಿಕೊಂಡು ಹಿಂದೆ ನಿಂತಿದ್ದೆ.

ಅವ್ವ ಅಲ್ಲೇ ಈಚೆ ನೆಲದ ಮೇಲೆ ಕೂತಳು. ಕುರಿ ಕೊಂದವಳು ನಾನು ಎಂದಳು. ಕಾಕು ಆಚೆ ಕೂತಳು. "ಗೊತ್ತೈತಿ" ಎಂದಳು. ಕುರಿಗಳು ಆ ಮೂಲೆಯಲ್ಲಿ ಮೇಯುವುದನ್ನು ದೂರದಿಂದ ಕಂಡೇ ಅವಳು ಬೆಲ್ಲ ನೀರಿಗೆ ಹಾಕಿದ್ದಳಂತೆ. ನಿನ್ನ ಮುಖ ನೋಡಿದಾಗ ನಿನಗೂ ತಿಳಿದಿದೆ ಎಂದು ಅವಳಿಗೆ ತಿಳಿಯಿತಂತೆ. ಆ ನೋಟ ಅದೇ, ಯಪ್ಪಾ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ, ಊರೆಲ್ಲ ಆಡಿಕೊಂಡರೂ ಯಾಕೆ ಬಾಯಿ ಬಿಡಲಿಲ್ಲ ಎಂದು ಅವ್ವ ಕೇಳಿದಳು. ಕಾಕು ಕುಡುಗೋಲಿನ ಮಣ್ಣು ಒರೆಸುತ್ತ, "ಬಾಯಿ ಬಿಟ್ಟಿದ್ರ ನೀ ಎಲ್ಲಿಗೆ ಹೋಗ್ತಿದ್ದಿ?" ಎಂದಳು. ಆಗ ಅವ್ವ ಅತ್ತಳು.

ಬಿಸಿಲೇರುವತನಕ ಇಬ್ಬರೂ ಹಾಗೇ ಕೂತಿದ್ದರು. ಇಷ್ಟು ವರ್ಷದ ಮಾತು, ಒಂದರ ಮೇಲೊಂದು ಬಂತು. ನಡುವೆ ಅವ್ವನಿಗೆ ಬಾಯಾರಿತು. ಕಾಕುವಿನ ಪಕ್ಕದಲ್ಲೇ ತಂಬಿಗೆ ಇತ್ತು, ಕೈ ಚಾಚಿದರೆ ಸಿಗುತ್ತಿತ್ತು. ಅವಳು ಕೊಡಲಿಲ್ಲ. ಆಣೆ ಇದೆಯಲ್ಲ ಎಂದಳು. ನಾನು ಓದಿದವಳು, ಇದೆಲ್ಲ ಏನಿಲ್ಲ, ನನಗೇನೂ ಆಗುವುದಿಲ್ಲ ಎಂದು ಮಧ್ಯೆ ಹೋದೆ. ಇಬ್ಬರೂ ಒಟ್ಟಿಗೆ ನನ್ನನ್ನು ಗದರಿ ಕೂಡಿಸಿದರು. ಅವರಿಬ್ಬರೂ ಒಂದಾಗಿ ನನ್ನನ್ನು ಬೈದದ್ದು ಚಿಕ್ಕಂದಿನ ಮೇಲೆ ಅದೇ ಮೊದಲು. ಅವ್ವ ನೀರಿಗೆಂದು ನಮ್ಮ ಮನೆಗೆ ಎದ್ದು ಬರಬೇಕಾಯಿತು. ಸತ್ಯ ಹೊರಗೆ ಬಂದ ಮೇಲೂ ನಿನ್ನ ಆಣೆ ಅವರನ್ನು ಬಿಡಲಿಲ್ಲ ನೋಡು.

ಸಂಜೆ ಸಿದ್ದಪ್ಪ ಕಾಕಾನಿಗೆ ಫೋನು ಮಾಡಿ ಕೇಳಿದೆ, ಇಟ್ಟವನು ಸತ್ತ ಮೇಲೆ ಆಣೆಗೆ ದಾರಿ ಏನು ಎಂದು. ಅವನು ಬಹಳ ಯೋಚಿಸಲಿಲ್ಲ. ಆಣೆ ಇಟ್ಟವನ ಎಡೆಗೆ ಮೊದಲು ಆ ಮನೆಯ ರೊಟ್ಟಿ ಇಡಿ, ಸತ್ತವನು ಉಂಡದ್ದನ್ನು ಇದ್ದವರು ಉಣ್ಣಬಹುದು, ಅವನು ಉಂಡರೆ ಆಣೆ ಇಳಿದಂತೆ ಎಂದ. ನಾಡಿದ್ದು ಮಹಾನವಮಿ ಅಮಾವಾಸ್ಯೆ, ಮಹಾಲಯ. ಹಿರಿಯರಿಗೆ ಎಡೆ ಹಿಡಿಯುವ ದಿನ, ನಿನಗೆ ಇದು ಮೊದಲನೆಯದು. ಅವ್ವನಿಗೆ ಹೇಳಿದೆ. ಅವಳು ಹಿತ್ತಲಿಗೆ ಹೋಗಿ ಬದುವಿನ ಈಚೆ ನಿಂತು ಕೂಗಿ ಹೇಳಿದಳು. ಕಾಕು ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡಲು ಕೂತಳು. ಅದೇ ಹೊಲದ ಜೋಳ, ಕಳೆದ ಸುಗ್ಗಿಯದು. ದೊಡ್ಡಪ್ಪನನ್ನೂ ಊಟಕ್ಕೆ ಕರೆಯಲು ಅವ್ವ ಹೇಳಿದ್ದಾಳೆ. ಎಲ್ಲರೂ ಕೂತ ಮೇಲೆ ಕುರಿಯ ವಿಷಯ ತಾನೇ ಹೇಳುತ್ತಾಳಂತೆ, ಯಾರೂ ನಡುವೆ ಬಾಯಿ ಹಾಕಬಾರದಂತೆ. ನನಗೂ ಅದೇ ಮಾತು, ನಿನಗೂ ಅದೇ.

ಸ್ವಲ್ಪ ಹೊತ್ತಿಗೆ ಮುಂಚೆ ಅವ್ವ ನಾನು ಬರೆಯುವುದನ್ನು ನೋಡಿ, ಅವನಿಗಾ ಎಂದಳು. ಹೌದೆಂದೆ. "ಹಂಗಾರ ಇದನ್ನೂ ಬರಿ. ಅವನ ಎಡಿಗೆ ಶಾಂತಾನ ರೊಟ್ಟಿ ಬಿಟ್ಟು ಬ್ಯಾರೆ ಏನೂ ಇಡೂದಿಲ್ಲ. ಹೋಳಿಗಿ ಇಲ್ಲ, ತುಪ್ಪ ಇಲ್ಲ." ಈ ಸಲ ಸಿಕ್ಕಿಬಿದ್ದವನು ನೀನು, ಯಪ್ಪಾ. ನಾನು ನಿನಗೆ ಒಂದು ಮಾತು ಕೊಡುತ್ತೇನೆ. ಅಮಾವಾಸ್ಯೆಯ ಮರುದಿನ ನಾನು ಬದುವಿನ ಮೇಲೆ ನಡೆದೇ ಮೂಡಲಗಿಯ ಬಸ್ಸಿಗೆ ಹೋಗುತ್ತೇನೆ. ನೀನು ಮಾಡಬೇಕಾದದ್ದು ಇಷ್ಟೇ, ರೊಟ್ಟಿ ಬಿಸಿ ಇರುವಾಗಲೇ ಬಾ. ಅವ್ವ ಆ ದಿನ ಬೆಳಗಿನಿಂದ ಬಾಯಿಗೆ ನೀರು ಹಾಕದೆ ಕೂಡುವವಳಿದ್ದಾಳೆ. ಅವಳ ಮೊದಲ ಗುಟುಕು ಕಾಕುವಿನ ತಂಬಿಗೆಯದಾಗಬೇಕಂತೆ. ನೀನು ಉಂಡು ಏಳುವತನಕ ಅವಳು ಕುಡಿಯುವುದಿಲ್ಲ.

ನಿನ್ನ ಕೂಸು,
ರೇಣುಕಾ